ಕುಚ್ಚಲಕ್ಕಿ ಬೇಯುವಷ್ಟು ಹೊತ್ತಲ್ಲಿ ಒಂದು ಕೀರ್ತನೆ: ನನ್ನ ಅನುಭವ

ದಿನಾ ಬೆಳಗ್ಗೆ ಅನ್ನ ಬೇಯುವಾಗ ಬೈಬಲಿನ ಒಂದು ಕೀರ್ತನೆ ಓದುದನ್ನು ನಾನು ಶುರು ಮಾಡುವಾಗ ನಮ್ಮ ಚರ್ಚಿನ ಸಭೆಯವರೇ ಒಬ್ಬರು "ಹದಿನೈದು ದಿನ ಮಾರಾಯ್ರೆ, ಮತ್ತೆ ನೀವೂ ಇಲ್ಲ ನಿಮ್ಮ ಬೈಬಲೂ ಇಲ್ಲ" ಅಂತ ನಗಾಡಿದ್ರು. ಈಗ 14 ತಿಂಗಳಾಯ್ತು, ತಪ್ಪಿದ್ದು ಅಂದಾಜು 20-25 ದಿನ ಅಷ್ಟೆ. ಮೊನ್ನೆ ಮಂಗಳೂರಿನ ಬಲ್ಮಠದಲ್ಲಿ ಸಿಕ್ಕಿ ಅವರೇ "ಅದು ಹೇಗೆ ಮಾಡಿದ್ದು" ಅಂತ ಕೇಳಿದ್ರು.

ಮೊದಲು ಸೋತದ್ದು ಹೇಳ್ತೇನೆ. ವರ್ಷದಲ್ಲಿ ಇಡೀ ಬೈಬಲ್, 1189 ಅಧ್ಯಾಯ, ದಿನಕ್ಕೆ ಮೂರ್ನಾಲ್ಕು. ಮೂರು ಸಲ ಶುರು ಮಾಡಿ ಮೂರು ಸಲವೂ ಫೆಬ್ರವರಿಗೆ ಬೈಬಲಿನ ಮೂರನೇ ಪುಸ್ತಕ ಯಾಜಕಕಾಂಡದಲ್ಲೇ ಠುಸ್, ಆ ಚರ್ಮರೋಗದ ಅಧ್ಯಾಯಗಳು ನಿಮಗೂ ಗೊತ್ತುಂಟಲ್ಲ. ಹೊಸ ಬೈಬಲು, ನೋಟ್‌ಬುಕ್ಕು, ಬಣ್ಣದ ಪೆನ್ನು ಅಂತ ಎರಡು ಸಾವಿರದ ಹತ್ತಿರ ಹೋಯ್ತು, ಪೆನ್ನುಗಳು ಈಗ ಮಗಳ ಪೌಚಲ್ಲಿ ಉಂಟು. ಮತ್ತೆ ದಂಡ ಹಾಕಿ ನೋಡಿದೆ, ತಪ್ಪಿದ ದಿನ ಹಾರ್ಲಿಕ್ಸ್ ಬಾಟ್ಲಿಗೆ 10 ರೂಪಾಯಿ. ಅದು ಎಲ್ಲಕ್ಕಿಂತ ದೊಡ್ಡ ಫೇಲು, ಹತ್ತು ರೂಪಾಯಿ ಹಾಕಿದ್ರೆ ಆಯ್ತಲ್ಲ ಅಂತ ಮನಸ್ಸಿಗೆ ಆರಾಮ! ಎರಡು ತಿಂಗಳಲ್ಲಿ 400 ಚಿಲ್ಲರೆ ಆಯ್ತು, ಕಾಣಿಕೆ ಚೀಲಕ್ಕೆ ಸುರಿದು ಬಿಟ್ಟುಬಿಟ್ಟೆ.

ಹೆಂಡತಿಗೆ ಆಸ್ಪತ್ರೆ ಡ್ಯೂಟಿ, ಬೆಳಗ್ಗೆ ಅನ್ನ ಇಡುದು ನನ್ನ ಕೆಲಸ. ಎಸರು ಕುದಿದು ಅಕ್ಕಿ ಹಾಕಿದ ಮೇಲೆ ನೊರೆ ಉಕ್ಕದ ಹಾಗೆ ಅಲ್ಲೇ ನಿಲ್ಲಬೇಕು, ಸುಮ್ಮನೆ ನಿಂತು ಮೊಬೈಲ್ ತಿಕ್ಕುತ್ತಿದ್ದೆ. ಆ ಮೊಬೈಲನ್ನು ರೂಮಲ್ಲೇ ಬಿಟ್ಟು ಅಪ್ಪನ ಹಳೇ ಬೈಬಲಿಗೆ ಪ್ಲಾಸ್ಟಿಕ್ ಕವರ್ ಹಾಕಿ ಉಪ್ಪಿನ ಭರಣಿ ಪಕ್ಕ ಇಟ್ಟೆ. ಸೌಟು ಒಂದು ಕೈಯಲ್ಲಿ, ಒಂದೇ ಕೀರ್ತನೆ, ಜೋರಾಗಿ ಓದುದು, ಒಂದು ವಾಕ್ಯ ಪ್ರಾರ್ಥನೆ, ಮುಗೀತು. ರಾತ್ರಿ ಮಲಗುವ ಮುಂಚೆ ಆ ಬೈಬಲಿಗೆ ಇನ್ನೊಂದು ಸಣ್ಣ ಕೆಲಸ ಮಾಡಿಡ್ತೇನೆ, ಅದು ಮಾತ್ರ ಹೇಳುದಿಲ್ಲ, ಕೇಳ್ಬೇಡಿ.

119ನೇ ಕೀರ್ತನೆ ಬಂದ ದಿನ ಹಠ ಹಿಡಿದು 176 ವಚನವೂ ಓದಿದೆ, ಅನ್ನ ಅಂಟಂಟು ಮುದ್ದೆ, ಮಕ್ಕಳು ಮುಟ್ಟಲಿಲ್ಲ. ಈಗ ಅದನ್ನು ಹೀಬ್ರೂ ಅಕ್ಷರದ ಲೆಕ್ಕದಲ್ಲಿ ಎಂಟೆಂಟು ವಚನದ 22 ಭಾಗ ಮಾಡಿ ಓದುದು, ಹಾಗಾಗಿ 150 ಕೀರ್ತನೆಯ ಒಂದು ಸುತ್ತಿಗೆ ಹೆಚ್ಚುಕಡಿಮೆ ಆರು ತಿಂಗಳು. ಮೂರನೇ ಸುತ್ತಲ್ಲಿದ್ದೇನೆ. ನಡುವೆ ತಾರೀಕಿಗೊಂದು ಅಧ್ಯಾಯ ಅಂತ ಬೈಬಲಿನ ಜ್ಞಾನೋಕ್ತಿ ಪುಸ್ತಕ (31 ಅಧ್ಯಾಯ ಸರಿ ಹೊಂದ್ತದೆ) ಸೇರಿಸಿ ನೋಡಿದೆ, ಎರಡೂ ಹಾಳಾಯ್ತು. ಶುಕ್ರವಾರ ಮಧ್ಯಾಹ್ನದವರೆಗೆ ಉಪವಾಸ ಮಾಡಿದ್ದಕ್ಕೆ ಗ್ಯಾಸ್ಟ್ರಿಕ್ಕಿನ ಮಾತ್ರೆಗೆ ದುಡ್ಡು ಹಾಕಿದ್ದೇ ಬಂತು.

ರಾತ್ರಿ ಮನೆಯವರೆಲ್ಲ ಕೂತು ಮಾಡುವ ಪ್ರಾರ್ಥನೆದ್ದು ಬೇರೆ ಕಥೆ. ಪಕ್ಕದ ಕಥೊಲಿಕ್ ಮನೆಯಲ್ಲಿ ಏಳೂವರೆಗೆ ಕೊಂಕಣಿಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಕೇಳಿದ ಕೂಡ್ಲೆ ನಾವೂ ಟೀವಿ ಆಫ್ ಮಾಡಿ ಕೂತ್ಕೊಳ್ತಿದ್ದೆವು, ಅಲಾರಾಂ ಬೇಡ, ಒಳ್ಳೇ ಐಡಿಯಾ ಅಂತ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಅವರು ಮಗನನ್ನು ನೋಡ್ಲಿಕ್ಕೆ ದುಬೈಗೆ ಹೋದ್ರು, ಎರಡು ತಿಂಗಳು ನಮ್ಮದೂ ಬಂದ್. ಕಳೆದ ವಾರ ಗೇಟಿನ ಹತ್ತಿರ ಸೂಟ್‌ಕೇಸ್ ಇಳಿಸುದು ನೋಡಿ ಮಗ ಓಡಿ ಬಂದು ಕೇಳಿದ, "ಪಪ್ಪಾ, ಅವ್ರು ಬಂದ್ರು, ಇವತ್ತಿಂದ ನಮ್ಮದೂ ಉಂಟಾ?"