ಎನ್ ನಂಬರ್ ಎಲ್ಲಿ ಬೇಕೋ ಅಲ್ಲಿ ಮಾತ್ರ

ಪೀಣ್ಯದ ನಮ್ಮ ಶಾಪ್‌ನಲ್ಲಿ ಒಂದು ಹಳೆ ವಿಎಂಸಿ (ಪ್ರೋಗ್ರಾಂ ಓದಿ ಲೋಹ ಕಡಿಯುವ ಮಿಲ್ಲಿಂಗ್ ಮೆಷಿನ್) ಇದೆ. ಅದನ್ನು ನಡೆಸುವ ಕಂಪ್ಯೂಟರ್ ಫ್ಯಾನಕ್ ಕಂಟ್ರೋಲ್, ಮೆಮೊರಿ 320 ಮೀಟರ್. ಪ್ರೋಗ್ರಾಂ ಅನ್ನು ಪೇಪರ್ ಟೇಪ್‌ನಲ್ಲಿ ಇಡುತ್ತಿದ್ದ ಕಾಲದಿಂದ ಬಂದ ಲೆಕ್ಕ ಇದು. ಟೇಪಿನ ಒಂದು ಇಂಚಿಗೆ 10 ಅಕ್ಷರ, ಹಾಗಾಗಿ ಮೀಟರಿಗೆ ಸುಮಾರು 400. ಒಟ್ಟು 128 ಕೆಬಿ, ಅಷ್ಟೇ. ಮೆಷಿನ್ ಗಟ್ಟಿಮುಟ್ಟಾಗಿದೆ, ಜಾಬ್ ಚೆನ್ನಾಗಿ ಬರುತ್ತದೆ. ಅದಕ್ಕೇ ನಾನು ಪ್ರೋಗ್ರಾಂ ಉದ್ದದ ಮೇಲೆ ಕಣ್ಣಿಟ್ಟಿರುತ್ತೇನೆ.

ಮೊದಲು ಕೈ ಹಾಕಿದ್ದು ಎನ್ ನಂಬರಿಗೆ, ಅಂದರೆ ಪ್ರೋಗ್ರಾಂ ಸಾಲಿನ ಮುಂದೆ ಬರೆಯುವ ನಂಬರಿಗೆ. ಕಂಟ್ರೋಲ್ ಸಾಲುಗಳನ್ನು ಬರೆದ ಕ್ರಮದಲ್ಲೇ ಓಡಿಸುತ್ತದೆ, ನಂಬರ್ ಇರಲಿ ಬಿಡಲಿ. 50,000 ಸಾಲಿನ ಡೈ ಫಿನಿಶಿಂಗ್ ಪ್ರೋಗ್ರಾಂ ತೆಗೆದುಕೊಳ್ಳಿ. ಒಂದೊಂದೇ ಏರಿಸುತ್ತಾ ನಂಬರ್ ಹಾಕಿದರೂ ಬರೀ ನಂಬರಿಗೇ ಸುಮಾರು 2 ಲಕ್ಷ 89 ಸಾವಿರ ಅಕ್ಷರ ಹೋಗುತ್ತದೆ. ಅಂದರೆ ಇಡೀ ಮೆಮೊರಿಯ ಎರಡು ಪಟ್ಟಿಗಿಂತ ಜಾಸ್ತಿ! ಒಂದು ಚಿಪ್ (ಲೋಹದ ಚೂರು) ಕೂಡ ಬೀಳದ ಅಕ್ಷರಗಳು ಅವು.

ಹಾಗಂತ ಪೂರ್ತಿ ತೆಗೆದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಮಧ್ಯದಲ್ಲಿ ಟೂಲ್ ಮುರಿದರೆ ಆಪರೇಟರ್ ಎಲ್ಲಿಂದ ಶುರು ಮಾಡಬೇಕು? ಆದ್ದರಿಂದ ಪೋಸ್ಟ್‌ನಲ್ಲಿ (ಕ್ಯಾಮ್ ಸಾಫ್ಟ್‌ವೇರ್ ಹಾಕಿದ ಟೂಲ್ ದಾರಿಯನ್ನು ಮೆಷಿನ್ ಪ್ರೋಗ್ರಾಂ ಆಗಿ ಬರೆಯುವ ಭಾಗ) ಟೂಲ್ ಚೇಂಜ್‌ಗೆ ಮಾತ್ರ ನಂಬರ್ ಬರುವಂತೆ ಸೆಟ್ ಮಾಡಿದ್ದೇನೆ. ಟೂಲ್ ನಂಬರೇ ಎನ್ ನಂಬರ್. ಮೂರನೇ ಟೂಲ್ ಹೀಗೆ ಶುರುವಾಗುತ್ತದೆ:

ಎನ್3 ಟಿ3 ಎಂ6
ಜಿ17 ಜಿ40 ಜಿ80 ಜಿ90 ಜಿ54
ಜಿ0 ಎಕ್ಸ್25. ವೈ40. ಎಸ್2200 ಎಂ3
ಜಿ43 ಎಚ್3 ಝಡ್50. ಎಂ8

ರೀಸೆಟ್ ಒತ್ತಿ ಎನ್3 ಹುಡುಕಿ ಸೈಕಲ್ ಸ್ಟಾರ್ಟ್ ಕೊಟ್ಟರೆ ಮೆಷಿನ್ ಮೇಲಿನ ಸಾಲುಗಳನ್ನು ಓದುವುದೇ ಇಲ್ಲ. ಜಿ90 (ಎಲ್ಲ ಅಳತೆ ಸೊನ್ನೆ ಬಿಂದುವಿನಿಂದ), ಸ್ಪಿಂಡಲ್ ಸ್ಪೀಡ್, ಆಫ್‌ಸೆಟ್ ಎಲ್ಲ ಇಲ್ಲಿಯೇ ಮತ್ತೆ ಇರಬೇಕು. ಟೂಲ್ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಜಿ43 ಒಂದು ಬಿಟ್ಟುಹೋದರೂ ಟೂಲ್ ನೇರ ಜಾಬ್‌ಗೆ ಹೋಗಿ ಹೊಡೆಯಬಹುದು. ಟೂಲಿಗೆ ನಾಲ್ಕು ಸಾಲು ಖರ್ಚಾದರೂ ಸರಿ, ಇಲ್ಲಿ ಮಾತ್ರ ನಾನು ಉಳಿತಾಯ ಮಾಡುವುದಿಲ್ಲ.

ಮೆಮೊರಿಗೆ ಹಿಡಿಸದ್ದನ್ನು ಕೇಬಲ್‌ನಲ್ಲಿ ಡಿಎನ್‌ಸಿ ಮಾಡುತ್ತೇವೆ, ಅಂದರೆ ಕಂಪ್ಯೂಟರ್‌ನಿಂದ ಕಳಿಸುತ್ತಾ ಹಾಗೆಯೇ ಓಡಿಸುತ್ತೇವೆ. ಅಲ್ಲೂ ಇದೇ ಲೆಕ್ಕ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಒಂದು ಅಕ್ಷರಕ್ಕೆ 11 ಬಿಟ್ ಹಿಡಿದರೆ ಸೆಕೆಂಡಿಗೆ ಸುಮಾರು 870 ಅಕ್ಷರ ಅಷ್ಟೇ. ಎಕ್ಸ್, ವೈ, ಝಡ್ ಮೂರೂ ಇರುವ ಸಾಲು ಸುಮಾರು 22 ಅಕ್ಷರ. ಎನ್ ಸೇರಿದರೆ 28. ಸಾಲಿಗೆ 0.2 ಮಿ.ಮೀ. ಚಲನೆ ಇದ್ದರೆ, ನಂಬರ್ ಇಲ್ಲದಾಗ ನಿಮಿಷಕ್ಕೆ 470 ಮಿ.ಮೀ. ಫೀಡ್ (ಟೂಲ್ ಸಾಗುವ ವೇಗ) ಸಿಗುತ್ತದೆ, ಇದ್ದಾಗ 370ರ ಆಸುಪಾಸು. ಎಫ್1500, ಅಂದರೆ 1500 ಫೀಡ್, ಅಂತ ಬರೆದರೂ ಮೆಷಿನ್ ಮುಂದಿನ ಸಾಲಿಗೆ ಕಾಯುತ್ತಾ ತಡವರಿಸುತ್ತದೆ. ಆ ಗುರುತು ಫಿನಿಶಿಂಗ್ ಮೇಲೆ ಕಾಣುತ್ತದೆ. ನಂಬರ್ ತೆಗೆದರೂ ಸಾಲದು. ಸಾಲುಗಳೇ ಕಡಿಮೆಯಾಗಲು ಕ್ಯಾಮ್‌ನಲ್ಲಿ ಆರ್ಕ್ ಫಿಟ್ಟಿಂಗ್ (ಹಲವು ಚಿಕ್ಕ ಗೆರೆಗಳ ಬದಲು ಒಂದು ಕಮಾನು) ಆನ್ ಮಾಡಬೇಕು, ಟಾಲರೆನ್ಸ್ ಸುಮ್ನೆ ಬಿಗಿ ಇಡಬಾರದು.

ಡ್ರಿಲ್ಲಿಂಗ್ ಜಾಬ್‌ನಲ್ಲಿ ನನಗೆ ತುಂಬಾ ಇಷ್ಟವಾದ ದಾರಿ ಸಬ್ ಪ್ರೋಗ್ರಾಂ, ಅಂದರೆ ಮೇನ್ ಪ್ರೋಗ್ರಾಂ ಬೇಕಾದಾಗ ಕರೆಯುವ ಪುಟ್ಟ ಪ್ರೋಗ್ರಾಂ. ಸೆಂಟರ್ ಡ್ರಿಲ್, ಡ್ರಿಲ್, ಟ್ಯಾಪ್, ಮೂರಕ್ಕೂ ತೂತಿನ ಜಾಗ ಒಂದೇ ಅಲ್ವಾ? ಆ ಎಕ್ಸ್, ವೈ ಸಾಲುಗಳನ್ನಷ್ಟೇ ಓ1001 ಎಂಬ ಸಬ್ ಪ್ರೋಗ್ರಾಂನಲ್ಲಿ ಬರೆದು ಕೊನೆಗೆ ಎಂ99 (ಮೇನ್‌ಗೆ ವಾಪಸ್) ಹಾಕುತ್ತೇನೆ. ಮೇನ್ ಪ್ರೋಗ್ರಾಂನಲ್ಲಿ ಡ್ರಿಲ್ ಮಾಡಿಸುವ ಜಿ81 ಸಾಲಿಗೆ ಕೆ0 ಸೇರಿಸಿದರೆ ಆಳ, ಫೀಡ್ ನೆನಪಲ್ಲಿ ಉಳಿಯುತ್ತದೆ, ತೂತು ಮಾತ್ರ ಬೀಳುವುದಿಲ್ಲ. ಹಿಂದೆಯೇ ಸಬ್ ಪ್ರೋಗ್ರಾಂ ಕರೆಯಲು ಎಂ98 ಪಿ1001, ಆಮೇಲೆ ಡ್ರಿಲ್ಲಿಂಗ್ ನಿಲ್ಲಿಸಲು ಜಿ80. ಡ್ರಾಯಿಂಗ್‌ನಲ್ಲಿ ಒಂದು ತೂತು ಅರ್ಧ ಮಿ.ಮೀ. ಸರಿದರೆ ಒಂದೇ ಕಡೆ ತಿದ್ದಿದರೆ ಸಾಕು.

ಮ್ಯಾಕ್ರೋದಲ್ಲಿ (ಲೆಕ್ಕ, ಷರತ್ತು ಇರುವ ಪ್ರೋಗ್ರಾಂ) ಗೋಟು, ಅಂದರೆ ಬೇರೆ ಸಾಲಿಗೆ ಹಾರು ಎಂಬ ಆದೇಶ, ಬಳಸುವಾಗ ಅದು ಹಾರುವ ಸಾಲಿಗೆ ನಂಬರ್ ಬೇಕೇ ಬೇಕು. ಅದಕ್ಕೆ ನಾನು 900ರಿಂದ ಮೇಲಿನ ನಂಬರ್ ಎತ್ತಿಟ್ಟಿದ್ದೇನೆ, ಟೂಲ್ ನಂಬರ್ ಜೊತೆ ಎಂದೂ ಬೆರೆಯುವುದಿಲ್ಲ. ಕಂಟ್ರೋಲ್‌ನ ಸೆಟ್ಟಿಂಗ್ ಪೇಜ್‌ನಲ್ಲಿ ಸೀಕ್ವೆನ್ಸ್ ನಂಬರ್ 0 ಇದೆಯಾ ಅಂತಲೂ ನೋಡಿಕೊಳ್ಳಿ. 1 ಇದ್ದರೆ ಎಡಿಟ್ ಮಾಡುವಾಗ ಅದೇ ತಾನಾಗಿ ಪ್ರತಿ ಸಾಲಿಗೂ ಎನ್ ಸೇರಿಸುತ್ತಾ ಹೋಗುತ್ತದೆ.