ಏರ್‌ಗನ್ ಸ್ಕೋಪ್: ಮೌಂಟ್ ಎಷ್ಟು ಎತ್ತರ, ಜೀರೋ ಎಷ್ಟು ದೂರ?

ದೂರದ ಈಡಿಗೆ ಜೀರೋ (ಸ್ಕೋಪಿನ ನಡುಗೆರೆ ಹಿಡಿದಲ್ಲೇ ಗುಂಡು ಬೀಳುವ ದೂರ) ಕೂಡ ದೂರಕ್ಕೇ ಇಡಬೇಕು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ನಾನು ಜೀರೋ ಇಟ್ಟಿರುವುದು 40 ಮೀಟರಿಗೆ. ಗಾಳಿಯಿಲ್ಲದ ಸಂಜೆ 55 ಮೀಟರಿನವರೆಗೂ ಮೊಲ ಹೊಡೆಯುತ್ತೇನೆ. ಈ 40 ಎಲ್ಲಿಂದ ಬಂತು, ಅದಕ್ಕೂ ಸ್ಕೋಪನ್ನು ಕೋವಿಗೆ ಕೂರಿಸುವ ಮೌಂಟಿಗೂ ಏನು ಸಂಬಂಧ, ಅದನ್ನೇ ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಪರಿಚಯದ ರೈತರೊಬ್ಬರ ಗೋಧಿ ಹೊಲದಲ್ಲಿ ಬೇಲಿ ಉದ್ದಕ್ಕೂ ಮೊಲಗಳು ಪೈರನ್ನು ಬೋಳು ಮಾಡುತ್ತವೆ. ಇಲ್ಲಿ ಮೊಲವನ್ನು ಹತೋಟಿಯಲ್ಲಿಡುವುದು ಜಮೀನಿನವರ ಹೊಣೆ. 1954ರಿಂದ ಅದಕ್ಕೊಂದು ಕಾನೂನೇ ಇದೆ. ಅವರ ಅನುಮತಿ ಇದ್ದರೆ ನಾವು ಹೊಡೆಯಬಹುದು. 12 ಅಡಿ-ಪೌಂಡಿನೊಳಗಿನ (ಅಡಿ-ಪೌಂಡ್ ಅಂದರೆ ಗುಂಡಿನ ಶಕ್ತಿಯ ಅಳತೆ) ಏರ್ ರೈಫಲ್‌ಗೆ ಇಂಗ್ಲೆಂಡಿನಲ್ಲಿ ಸರ್ಟಿಫಿಕೇಟ್ ಬೇಡ. ನನ್ನದು 30 ಅಡಿ-ಪೌಂಡಿನ .22 (ನಳಿಗೆಯ ಒಳ ಅಗಲ, ಇಂಚಿನಲ್ಲಿ) ಪಿಸಿಪಿ, ಅಂದರೆ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹೊಡೆಯುವ ಕೋವಿ, ಹಾಗಾಗಿ ಪೊಲೀಸರ ಫೈರ್‌ಆರ್ಮ್ ಸರ್ಟಿಫಿಕೇಟ್ ಮಾಡಿಸಿದ್ದೇನೆ. ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು: ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಕೆಲವು ಏರ್‌ಗನ್ನಿಗೆ ಲೈಸೆನ್ಸ್ ಬೇಡದಿರಬಹುದು, ಆದರೆ ಅದರಲ್ಲಿ ಕಾಡುಮೊಲ ಹೊಡೆದರೂ ಅಪರಾಧವೇ. ಅಲ್ಲಿ ಕಾಗದದ ಗುರಿಗೆ ಹೊಡೆಯಿರಿ, ಲೆಕ್ಕ ಎರಡಕ್ಕೂ ಒಂದೇ.

ಮೊದಲು ಮೌಂಟ್. ಸ್ಪ್ರಿಂಗ್ ಗನ್ ಆದರೆ ಮೌಂಟ್ ಗಟ್ಟಿ ಇರಲೇಬೇಕು. ಅದು ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ. ಕೋವಿಯ ಮೇಲಿರುವ 11 ಮಿ.ಮೀ. ಡವ್‌ಟೇಲ್ ಹಳಿಯ (ಬದಿಗಳು ಒಳಕ್ಕೆ ವಾಲಿರುವ ಹಳಿ) ಮೇಲೆ ಮೌಂಟ್ ಮೆಲ್ಲಗೆ ಜಾರುತ್ತಾ ಹೋಗುತ್ತದೆ. ಅದಕ್ಕೆ ಕೆಳಗೊಂದು ತಡೆಪಿನ್ ಇರುವ ಒಂದೇ ತುಂಡಿನ ಮೌಂಟ್ ಒಳ್ಳೆಯದು. ಪಿಸಿಪಿಯಲ್ಲಿ ಒದೆತ ಇಲ್ಲವೇ ಇಲ್ಲ ಅನ್ನಬಹುದು. ನನ್ನ ಹಳಿ ಪಿಕಟಿನಿ. ಅದರಲ್ಲಿ ಅಡ್ಡ ತೋಡುಗಳಿರುವುದರಿಂದ ಜಾರುವ ಪ್ರಶ್ನೆಯೇ ಬರುವುದಿಲ್ಲ. ಎರಡು ತುಂಡಿನ ಸಾಧಾರಣ 30 ಮಿ.ಮೀ. ರಿಂಗ್ (ಸ್ಕೋಪ್ ಕೊಳವೆಯನ್ನು ಹಿಡಿಯುವ ಬಳೆ) ಸಾಕಾಯಿತು. ದುಬಾರಿ ಮೌಂಟಿಗೆ ಸುರಿಯುವ ದುಡ್ಡನ್ನು ಒಳ್ಳೆ ಪೆಲೆಟ್ಟಿಗೆ, ಅಂದರೆ ಏರ್‌ಗನ್ನಿನ ಗುಂಡಿಗೆ, ಹಾಕಿ ಅಂತ ನಾನು ಹೇಳುತ್ತೇನೆ.

ತಲೆ ಕೆಡಿಸಿಕೊಳ್ಳಬೇಕಾದದ್ದು ಎತ್ತರದ ಬಗ್ಗೆ. 'ಎಷ್ಟು ತಗ್ಗಾದರೆ ಅಷ್ಟು ಒಳ್ಳೆಯದು' ಅನ್ನುವುದು ಬುಲೆಟ್ ಹೊಡೆಯುವ ರೈಫಲ್ಲುಗಳಿಂದ ಬಂದ ಮಾತು. ಪಿಸಿಪಿಯಲ್ಲಿ ಮ್ಯಾಗಜಿನ್ನೇ ಹಳಿಗಿಂತ ಮೇಲೆ ಎದ್ದಿರುತ್ತದೆ, ತಗ್ಗು ರಿಂಗ್ ಕೂರುವುದೇ ಇಲ್ಲ. ನಾನು ನೋಡುವುದು ಕೆನ್ನೆಯನ್ನು. ಕಣ್ಣು ಮುಚ್ಚಿ ಕೋವಿ ಹೆಗಲಿಗೇರಿಸಿ, ಕೆನ್ನೆಯನ್ನು ಕೋವಿಯ ಹಿಂಬದಿಯ ಮರದ ಮೇಲೆ ಆರಾಮಾಗಿ ಇಟ್ಟು, ಆಮೇಲೆ ಕಣ್ಣು ತೆರೆಯುತ್ತೇನೆ. ಚಿತ್ರ ಪೂರ್ತಿ ಕಂಡರೆ ಸರಿ. ಮೇಲೆ ಅಥವಾ ಕೆಳಗೆ ಕಪ್ಪು ನೆರಳು ಬಂದರೆ ರಿಂಗ್ ಬದಲಿಸಬೇಕು, ಇಲ್ಲವೇ ಕೆನ್ನೆಪಟ್ಟಿ ಎತ್ತರಿಸಬೇಕು. ಕತ್ತು ಬಗ್ಗಿಸಿ ಹೊಂದಿಸಿಕೊಳ್ಳುತ್ತೇನೆ ಅಂದರೆ ಪ್ರತಿ ಈಡಿಗೂ ತಲೆ ಬೇರೆ ಕಡೆ ಇರುತ್ತದೆ.

ಎತ್ತರ, ಅಂದರೆ ನಳಿಗೆಯ ನಡುವಿನಿಂದ ಸ್ಕೋಪಿನ ನಡುವಿಗಿರುವ ಅಂತರ, ಅಳೆಯುವುದು ಸುಲಭ. ಸ್ಕೋಪ್ ಕೊಳವೆಯ ಮೇಲ್ತುದಿಯಿಂದ ನಳಿಗೆಯ ಕೆಳತುದಿಗೆ ಕ್ಯಾಲಿಪರ್ ಹಿಡಿದು, ಕೊಳವೆಯ ಅರ್ಧ ದಪ್ಪ, ನಳಿಗೆಯ ಅರ್ಧ ದಪ್ಪ ಎರಡನ್ನೂ ಕಳೆಯಿರಿ. ನನ್ನದು 50 ಮಿ.ಮೀ. ಬಂತು. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ಅಳತೆಯ ಮೇಲೆ.

ಸ್ಕೋಪ್ ಕೂರಿಸುವಾಗ ಗಾರೆಯವರು ಗೋಡೆಗೆ ಹಿಡಿಯುವ ತೂಗುಗುಂಡನ್ನು 20 ಮೀಟರ್ ಆಚೆ ತೂಗಿಬಿಡುತ್ತೇನೆ. ಕೋವಿಯನ್ನು ಮಟ್ಟದ ಮೇಲೆ ನಿಲ್ಲಿಸಿ, ಒಳಗಿನ ಉದ್ದಗೆರೆ ಆ ದಾರಕ್ಕೆ ಸೇರುವ ತನಕ ಸ್ಕೋಪ್ ತಿರುಗಿಸಿ, ಆಮೇಲೆ ಸ್ಕ್ರೂ. ಒಂದೊಂದನ್ನೂ ಕಾಲು ಸುತ್ತು, ಎದುರುಬದುರು, ಎರಡೂ ಕಡೆ ಸಂದು ಒಂದೇ ಅಗಲ ಇರುವ ಹಾಗೆ. ಒಂದು ಬದಿಯನ್ನೇ ಮೊದಲು ಬಿಗಿದರೆ ಕೊಳವೆ ತಿರುಗಿಬಿಡುತ್ತದೆ. ಓರೆ ಅನ್ನುವುದು ಸಣ್ಣ ವಿಷಯವಲ್ಲ. ಹೊಡೆಯುವಾಗ ಕೋವಿ 5 ಡಿಗ್ರಿ ವಾಲಿದರೆ ನನ್ನ ಪೆಲೆಟ್ 50 ಮೀಟರಿನಲ್ಲಿ ಸುಮಾರು 15 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಸ್ಕೋಪಿಗೊಂದು ಗುಳ್ಳೆಮಟ್ಟ ಹಾಕಿಕೊಂಡಿರುವುದು ಅದಕ್ಕೇ.

ಈಗ ಜೀರೋ. 18 ಗ್ರೇನ್ (1.2 ಗ್ರಾಂ ಹತ್ತಿರ) ತೂಕದ ಪೆಲೆಟ್ ಸೆಕೆಂಡಿಗೆ 265 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದು ದೃಷ್ಟಿಗೆರೆಯ ಕೆಳಗಿಂದ ಏರಿ, ದಾಟಿ, ಮತ್ತೆ ಇಳಿಯುತ್ತದೆ. ಮೊಲದ ಕಣ್ಣು ಕಿವಿಗಳ ನಡುವೆ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಜಾಗ ನನ್ನ ಗುರಿ, 25 ಮಿ.ಮೀ. ಅಂತ ಇಟ್ಟುಕೊಳ್ಳಿ. ಅಂದರೆ ಮೇಲೆ 13, ಕೆಳಗೆ 13 ಮಿ.ಮೀ. ತನಕ ತಪ್ಪಿದರೂ ನಡೆಯುತ್ತದೆ.

50ಕ್ಕೆ ಜೀರೋ ಮಾಡಿದರೆ 30 ಮೀಟರಿನಲ್ಲಿ ಪೆಲೆಟ್ 32 ಮಿ.ಮೀ. ಮೇಲಿರುತ್ತದೆ. ನೇರ ತಲೆಗೆ ಹಿಡಿದರೆ ಮೇಲಿಂದ ಹಾರಿಹೋಗುತ್ತದೆ. ಮೊಲ ಜಾಸ್ತಿ ಸಿಗುವುದೇ 25ರಿಂದ 40ರ ನಡುವೆ, ಅಲ್ಲೇ ತಪ್ಪಿದರೆ ಏನು ಪ್ರಯೋಜನ ಅಲ್ವಾ? 40ಕ್ಕೆ ಮಾಡಿದರೆ 15 ಮೀಟರಿನಲ್ಲಿ ಒಮ್ಮೆ ಗೆರೆ ಮುಟ್ಟಿ, 30ರ ಹತ್ತಿರ 13 ಮಿ.ಮೀ. ಏರಿ, 40ಕ್ಕೆ ಗೆರೆಗೆ ಬಂದು, 45ರಲ್ಲಿ 14 ಮಿ.ಮೀ. ಇಳಿದಿರುತ್ತದೆ. 10ರಿಂದ ಹೆಚ್ಚುಕಡಿಮೆ 45ರವರೆಗೆ ಸುಮ್ನೆ ನಡುವಿಗೆ ಹಿಡಿದರೆ ಸಾಕು. ಆಚೆಗೆ ಗೆರೆಯ ಕೆಳಗಿನ ಚುಕ್ಕೆಗಳಿವೆ. 50ಕ್ಕೆ 0.65 ಮಿಲ್, 60ಕ್ಕೆ 1.4 ಮಿಲ್. ಒಂದು ಮಿಲ್ ಅಂದರೆ ದೂರದ ಸಾವಿರದಲ್ಲೊಂದು ಪಾಲು.

ಮೌಂಟಿನ ಎತ್ತರ 60 ಮಿ.ಮೀ. ಇದ್ದರೆ 30 ಮೀಟರಿನಲ್ಲಿನ ಏರಿಕೆ 10 ಮಿ.ಮೀ.ಗೆ ಇಳಿಯುತ್ತದೆ. ಎತ್ತರ 40 ಮಿ.ಮೀ. ಇದ್ದರೆ ಏರಿಕೆ 15 ಮಿ.ಮೀ. ದಾಟುತ್ತದೆ. ಸ್ವಲ್ಪ ಎತ್ತರದ ಮೌಂಟ್ ಏರ್‌ಗನ್ನಿಗೆ ಕೆಟ್ಟದ್ದಲ್ಲ ಅನ್ನುವುದು ಇದಕ್ಕೇ. ಆದರೆ ಹತ್ತಿರದ ಈಡು ಇನ್ನೂ ಕೆಳಗೆ ಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ಕೊನೆಗೆ ದೂರ ತೀರ್ಮಾನಿಸುವುದು ಗಾಳಿ. ಅಡ್ಡಗಾಳಿ ಸೆಕೆಂಡಿಗೆ 2 ಮೀಟರ್ ಇದ್ದರೆ, ಅಂದರೆ ಮುಖಕ್ಕೆ ಸುಳಿದಂತೆ ಅನ್ನಿಸುವಷ್ಟು, 50 ಮೀಟರಿನಲ್ಲಿ ಪೆಲೆಟ್ 4 ಸೆಂ.ಮೀ. ಸರಿಯುತ್ತದೆ. ಹುಲ್ಲು ಅಲ್ಲಾಡುತ್ತಿದ್ದರೆ ನಾನು 35 ದಾಟುವುದಿಲ್ಲ. ಅರೆಜೀವ ಮೊಲ ಬಿಲಕ್ಕೆ ನುಗ್ಗಿದರೆ ಹುಡುಕಿ ತೆಗೆಯಲು ಆಗುವುದಿಲ್ಲ.

ಬೇಲಿ ಸಂದಿಯಲ್ಲಿ ಕಾಲಬುಡದಲ್ಲೇ ಮೊಲ ಎದ್ದರೆ? 10 ಮೀಟರಿಗೆ ಬೇಕಾದ ಚುಕ್ಕೆ 60 ಮೀಟರಿನದ್ದೇ ಹೆಚ್ಚುಕಡಿಮೆ, 1.3 ಮಿಲ್. 8 ಮೀಟರಿಗೆ ಎರಡೂವರೆ ಮಿಲ್ ಹತ್ತಿರ. ಸ್ಕೋಪ್ ಮುಚ್ಚಳದ ಒಳಗೆ ಅಂಟಿಸಿರುವ ಚೀಟಿಯಲ್ಲಿ ದೂರದ ಅಂಕಿಗಳಿಗಿಂತ ಮೇಲೆ ಈ ಎರಡನ್ನು ಬರೆದಿದ್ದೇನೆ. ಪೆಲೆಟ್ ಡಬ್ಬಿ ಬದಲಾದಾಗಲೆಲ್ಲ 10, 30, 40, 50ಕ್ಕೆ ಕಾಗದ ಹಚ್ಚಿ ಚೀಟಿಯನ್ನು ಮತ್ತೆ ಹೋಲಿಸಿ ನೋಡುತ್ತೇನೆ.