ರಸ್ತೆ ಗುಂಡಿ ಮುಚ್ಚುವ ಕೆಲಸ ಚರಂಡಿಯಿಂದ ಶುರು

ರಸ್ತೆಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಗುಂಡಿ. ಅನುಭವಿ ಎಂಜಿನಿಯರ್ ಮೊದಲು ನೋಡುವುದು ಪಕ್ಕದ ಚರಂಡಿಯನ್ನು. ಸಣ್ಣ ನಗರದ ಲೋಕೋಪಯೋಗಿ ವಿಭಾಗಕ್ಕೆ ಜನವೂ ಕಡಿಮೆ, ಯಂತ್ರವೂ ಕಡಿಮೆ. ಹಾಗಾಗಿ ಯಾವ ಕೆಲಸ ಮೊದಲು ಎಂದು ಗೊತ್ತಿರುವುದೇ ಅಲ್ಲಿ ದೊಡ್ಡ ವಿಷಯ.

ಗುಂಡಿ ಹುಟ್ಟುವುದು ಹೀಗೆ. ಬಿಸಿಲು ಗಾಳಿಗೆ ಟಾರು ವರ್ಷದಿಂದ ವರ್ಷಕ್ಕೆ ಗಡುಸಾಗಿ ಸಣ್ಣಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದು ಕೆಳಗಿನ ಜಲ್ಲಿ ಪದರ ಸಡಿಲವಾಗುತ್ತದೆ. ಮಳೆ ನಿಂತ ಮೇಲೆ ಅಂಥ ಬಿರುಕಿನ ಪಕ್ಕ ನಿಂತು ನೋಡಿ. ಲಾರಿ ಚಕ್ರ ಹಾದಾಗ ಕೆಸರು ನೀರು ಪಿಚಕ್ಕನೆ ಚಿಮ್ಮುತ್ತದೆ. ಆ ಕೆಸರು ರಸ್ತೆಯ ಬುಡದ ಮಣ್ಣು. ಹೀಗೆ ಸೋರಿ ಸೋರಿ ಒಳಗೆ ಪೊಳ್ಳಾಗಿ, ಒಂದು ದಿನ ಮೇಲಿನ ಟಾರು ಕುಸಿಯುತ್ತದೆ.

ಆದ್ದರಿಂದ ಮೊದಲ ಹಂತ ನೀರಿಗೆ ದಾರಿ ಮಾಡುವುದು. ಮಳೆಗಾಲಕ್ಕೆ ಮುಂಚೆ ಚರಂಡಿ, ಮೋರಿಗಳ ಹೂಳೆತ್ತಬೇಕು. ಎತ್ತಿದ ಹೂಳನ್ನು ದಂಡೆಯ ಮೇಲೇ ಬಿಟ್ಟರೆ ಮೊದಲ ಮಳೆಗೇ ವಾಪಸ್ ಒಳಗೆ ಹೋಗುತ್ತದೆ, ಅದನ್ನು ಸಾಗಿಸಲೇಬೇಕು. ರಸ್ತೆಯ ನಡುಭಾಗ ಅಂಚಿಗಿಂತ ಎತ್ತರ ಇರಬೇಕು. ಮೀಟರಿಗೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಸಾಕು.

ಆಮೇಲೆ ಸರ್ವೆ. ಇದಕ್ಕೆ ಒಳ್ಳೆಯ ಹೊತ್ತು ಮಳೆ ಬರುತ್ತಿರುವಾಗಲೇ. ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಭಾರದ ವಾಹನ ಓಡುವ ಬೀದಿಗೆ ಮೊದಲ ಸರದಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ತಿಳಿದ ಲೆಕ್ಕ ಇದು: ವಾಹನದ ಚಕ್ರದ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಹಾನಿ ಸುಮಾರು 16 ಪಟ್ಟು.

ಬಿರುಕು ಇನ್ನೂ ಬಿರುಕಾಗಿಯೇ ಇದ್ದರೆ ಕೆಲಸ ಸುಲಭ. ದೂಳು ಊದಿ, ಒಣಗಿಸಿ, ಬಿರುಕು ಮುಚ್ಚುವ ಬಿಸಿ ಅಂಟು (ಸೀಲಂಟ್) ಸುರಿದರೆ ಆಯಿತು.

ಗುಂಡಿಯೇ ಬಿದ್ದಿದ್ದರೆ ಸುಮ್ನೆ ಜಲ್ಲಿ ಟಾರು ಸುರಿದು ಹೋಗುವಂತಿಲ್ಲ. ಸುತ್ತಲಿನ ಸಡಿಲ ಭಾಗವನ್ನೂ ಸೇರಿಸಿ ಚೌಕಾಕಾರವಾಗಿ ಕತ್ತರಿಸಬೇಕು. ಅಂಚು ಗೋಡೆಯ ಹಾಗೆ ನೆಟ್ಟಗಿರಬೇಕು. ಇಳಿಜಾರು ಅಂಚಿನಲ್ಲಿ ತೇಪೆ ತೆಳುವಾಗಿ, ಪುಡಿಪುಡಿಯಾಗಿ ಕಿತ್ತುಬರುತ್ತದೆ. ಒಳಗಿನ ನೀರು, ಕೆಸರು, ದೂಳು ಪೂರ್ತಿ ತೆಗೆದು, ತಳವನ್ನು ದಮ್ಮಸು ಮಾಡಬೇಕು. ಬಳಿಕ ತಳಕ್ಕೂ ಅಂಚಿಗೂ ಟಾರಿನ ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಟಾರು, ಬಳಿಯುತ್ತಾರೆ. ಬಳಿದಾಗ ಅದು ಕಂದು ಬಣ್ಣ. ನೀರಿನಂಶ ಬಿಟ್ಟಂತೆ ಕಪ್ಪಾಗುತ್ತದೆ. ಕಪ್ಪಾಗುವವರೆಗೆ ಕಾಯಲೇಬೇಕು, ಇಲ್ಲದಿದ್ದರೆ ಹೊಸದು ಹಳೆಯದಕ್ಕೆ ಅಂಟುವುದಿಲ್ಲ. ಆ ಕೆಲವು ನಿಮಿಷ ಕಾಯುವ ತಂಡವೇ ನನ್ನ ಲೆಕ್ಕದಲ್ಲಿ ಒಳ್ಳೆಯ ತಂಡ.

ಗುಂಡಿಗೆ ತುಂಬುವ ಜಲ್ಲಿ ಟಾರಿನ ಬಿಸಿ ಮಿಶ್ರಣ, ತಯಾರಾಗುವ ಘಟಕದಿಂದ ಹೊರಡುವಾಗ ಸುಮಾರು 150 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 80ರ ಆಸುಪಾಸಿಗೆ ಇಳಿದರೆ ಎಷ್ಟು ಒತ್ತಿದರೂ ಕೂರುವುದಿಲ್ಲ. ಅದಕ್ಕೇ ಲಾರಿಗೆ ತಾಡಪಾಲು ಹೊದಿಸುವುದು. ಗುಂಡಿ ಆಳವಿದ್ದರೆ ಒಂದೇ ಸಲ ತುಂಬದೆ, ಪದರ ಪದರವಾಗಿ ಹಾಕಿ ಪ್ರತಿ ಪದರವನ್ನೂ ಒತ್ತಬೇಕು. ಕೊನೆಗೆ ತೇಪೆ ರಸ್ತೆಗಿಂತ ಕೂದಲೆಳೆಯಷ್ಟು ಎತ್ತರ ಇದ್ದರೆ ಒಳ್ಳೆಯದು, ವಾಹನ ಓಡಿ ಸಮಕ್ಕೆ ಬರುತ್ತದೆ. ತಗ್ಗಾಗಿದ್ದರೆ ಅಲ್ಲೇ ನೀರು ನಿಲ್ಲುತ್ತದೆ, ಮತ್ತೆ ಅದೇ ಕಥೆ ಅಲ್ವಾ?

ಮಳೆ ಜಾಸ್ತಿ ಇರುವಾಗ ಬಿಸಿ ಮಾಡದೆ ಹಾಗೇ ತುಂಬುವ ತಣ್ಣನೆಯ ಮಿಶ್ರಣ ಹಾಕುತ್ತಾರೆ. ಅದು ತಾತ್ಕಾಲಿಕ. ಆ ಜಾಗವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟು, ಒಣ ದಿನ ಬಂದಾಗ ಅಗೆದು ಸರಿಯಾಗಿ ಮಾಡಬೇಕು.

ತೇಪೆಯ ನಾಲ್ಕೂ ಅಂಚಿಗೆ ಟಾರು ಎಳೆದು, ಅದು ಆರಿದ ಮೇಲೆ ರಸ್ತೆ ಬಿಡುತ್ತಾರೆ. ಮುಂದಿನ ಮಳೆ ಬಿದ್ದಾಗ ಅದೇ ಜಾಗಕ್ಕೆ ಮತ್ತೊಮ್ಮೆ ಹೋಗಿ, ನೀರು ಚರಂಡಿಗೆ ಹರಿಯುತ್ತಿದೆಯೇ ಎಂದು ನೋಡಿದ ಮೇಲೆಯೇ ರಿಜಿಸ್ಟರಿನಲ್ಲಿ ಆ ಗುಂಡಿಯ ಮುಂದೆ ಟಿಕ್ ಹಾಕಬೇಕು.